ಮೋರಿಗೆ ಸುರಿದ ಒಂದು ಬಂಡಿ ಉಪ್ಪು

ಈಗ ಆರೋಗ್ಯ ಇಲಾಖೆಗೆ ಸೇರುವ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಂದವರು ಗೋಡೆಯ ಮೇಲಿನ ಫೋಟೋ ನೋಡಿ, "ಅಜ್ಜಾರ, ನಿಮಗ ಬಡ್ತಿ ಯಾವಾಗ ಸಿಕ್ತು? ದೊಡ್ಡ ಸಾಹೇಬ್ರು ಯಾವಾಗ ಆದ್ರಿ?" ಎಂದು ಕೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಮೂವತ್ತು ವರ್ಷ ಊರೂರ ಮೋರಿಗೆ ಮೂಗು ಒಡ್ಡಿದವನನ್ನು ಕೇಳುವ ಮಾತೇ ಅದು? ಬಡ್ತಿಯ ಕಾಗದಗಳು ಟ್ರಂಕಿನಲ್ಲಿವೆ, ಇಲಿ ತಿಂದಿರಲೂಬಹುದು. ನೀವು ಕೇಳಬೇಕಾದದ್ದು ನಾನು ಎಲ್ಲಿ ತಪ್ಪಿದೆ ಎಂದು. ಅದನ್ನು ಹೇಳಲಿಕ್ಕೆ ನನಗೆ ನಾಚಿಕೆಯಿಲ್ಲ. ಸ್ವಲ್ಪ ಜಂಬವೇ ಇದೆ ಎನ್ನಿ.

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಕಾಲದಲ್ಲಿ, ಸಫಾಯಿ ದಾರೋಗಾ ಎಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಆಗ ರಾಯಚೂರು ಜಿಲ್ಲೆಯೊಳಗೇ ಇದ್ದವು. ಊರಿನ ಬೀದಿ, ಮೋರಿ, ಬಾವಿ, ಹಳ್ಳ ನನ್ನ ಸುಪರ್ದಿಗೆ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಜನರ ಬೈಗುಳವೆಲ್ಲ ಕನ್ನಡದಲ್ಲಿ. ಒಂದು ಸೈಕಲ್ಲು, ಹಿಂದೆ ಕಟ್ಟಿದ ಒಂದು ಡಬ್ಬಿ, ಡಬ್ಬಿಯಲ್ಲಿ ಬಾವಿಗೆ ಹಾಕುವ ಕೆಂಪು ಔಷಧ. ಬ್ಲೀಚಿಂಗ್ ಪೌಡರು ಬಂದದ್ದು ಆಮೇಲೆ. ಅದು ಬಂದ ಮೇಲೆ ನನ್ನ ಅಂಗಿಯ ಬಣ್ಣವೆಲ್ಲ ಹೋಗಿ, ಮನೆಯವಳು ನನ್ನನ್ನು ಅಗಸರ ಕಲ್ಲಿಗೇ ಕಟ್ಟಿಹಾಕುತ್ತೇನೆ ಎಂದಿದ್ದಳು.

ಮೊದಲ ವರ್ಷ ಕುಷ್ಟಗಿಯ ಕಡೆ ಒಂದು ಊರಿನ ಬಾವಿಗೆ ಆ ಕೆಂಪು ಔಷಧ ಹಾಕಿದೆ. ನೀರು ಕುಂಕುಮ ಕದಡಿದಂತಾಯಿತು. ಕೊಡ ಹೊತ್ತು ಬಂದ ಹೆಂಗಸರು ಒಮ್ಮೆಲೇ ಚೀರಿದರು.

"ಅಯ್ಯಯ್ಯೋ, ಬಾವ್ಯಾಗ ರಗತ ಹಾಕ್ಯಾನ ಬರ್ರೆವ್ವಾ!"

ಐದು ನಿಮಿಷದಲ್ಲಿ ಊರಿನ ಗಂಡಸರು ಬಡಿಗೆ ಹಿಡಿದು ಸುತ್ತ ನಿಂತರು. ಓಡೋಣವೆಂದರೆ ಸೈಕಲ್ಲಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಬೇರೆ ದಾರಿ ಕಾಣದೆ ಒಬ್ಬಳ ಕೊಡ ಇಸಿದುಕೊಂಡು, ಅದೇ ಕೆಂಪು ನೀರನ್ನು ಬೊಗಸೆಯಲ್ಲಿ ಹಿಡಿದು ಎಲ್ಲರೆದುರು ಕುಡಿದೆ. ಬಡಿಗೆಗಳು ಕೆಳಗಿಳಿದವು. ಅಂದಿನಿಂದ ಮಂದಿಗೆ ಕುಡಿಯಿರಿ ಎಂದು ಹೇಳುವ ನೀರನ್ನು ಮೊದಲು ನಾನೇ ಕುಡಿಯಬೇಕೆಂದು ನೇಮ ಮಾಡಿಕೊಂಡೆ. ಈ ನೇಮವೇ ಮುಂದೆ ನನ್ನನ್ನು ಹೇಗೆ ಮೋಸಗೊಳಿಸಿತೆಂದು ಹೇಳುತ್ತೇನೆ.

ಯಲಬುರ್ಗಾದ ಕಡೆ ನಾರುಹುಣ್ಣಿನ ಕಾಟ. ಕಾಲಿನೊಳಗಿಂದ ದಾರದಂಥ ಹುಳು ಹೊರಬರುವ ರೋಗ ಅದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು, ಹರಿದರೆ ಕಾಲೇ ಕೆಟ್ಟಿತು. ಹುಣ್ಣಿನ ಕಾಲಿನಲ್ಲೇ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದರು, ಅಲ್ಲಿಂದ ರೋಗ ಊರಿಗೆಲ್ಲ ಹಬ್ಬುತ್ತಿತ್ತು. ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಲು ನನಗೆ ಎರಡು ವರ್ಷ ಬೇಕಾಯಿತು. ಕೊನೆಗೆ ಕಾಲಿಗೆ ಕಡ್ಡಿ ಕಟ್ಟಿಕೊಂಡಿದ್ದ ಒಬ್ಬ ಮುದುಕನೇ ಬಾವಿಯ ಬಾಯಿಗೆ ಕುಳಿತು, "ಯಾವನಲೇ ಕಾಲಿಡಾಂವ, ಬಾರಲೇ" ಎಂದು ಕಾವಲು ಕಾಯ್ದ. ನನ್ನ ಭಾಷಣಕ್ಕಿಂತ ಅವನ ಕಾಲೇ ಹೆಚ್ಚು ಕೆಲಸ ಮಾಡಿತು.

ಹುಲಿಗಿಯಲ್ಲಿ ಹುಣ್ಣಿಮೆಗೆ ದೇವಿಗೆ ಬಂದ ಯಾತ್ರಿಕರು, ಹೊಳೆಯ ತುಂಬ ಜನ. ಮೇಲಿನ ದಂಡೆಗೆ ಬಿಳಿ ಬಾವುಟ ಹುಗಿಸಿ ಅಲ್ಲಿ ಕುಡಿಯುವ ನೀರು ತುಂಬಿರಿ ಎಂದೆ. ಕೆಳಗೆ ಕೆಂಪು ಬಾವುಟ, ಅಲ್ಲಿ ಸ್ನಾನ, ಬಟ್ಟೆ, ಎಮ್ಮೆ. ಒಬ್ಬ ಅಜ್ಜಿ ಜಗಳಕ್ಕೇ ನಿಂತಳು.

"ತಾಯಿ ಹೊಳಿಗೆ ಮೈಲಿಗಿ ಐತೇನೋ? ಎಂಥಾ ಮಾತಾಡ್ತಿ?"

"ಹೊಳಿಗಿಲ್ಲಬೇ ಯವ್ವಾ, ನಮ್ಮ ಹೊಟ್ಟಿಗೈತಿ" ಎಂದೆ.

ಅಜ್ಜಿ ನಕ್ಕುಬಿಟ್ಟಳು, ಮೇಲಿನ ದಂಡೆಗೇ ಹೋದಳು. ಹೀಗೆ ಎಲ್ಲೆಲ್ಲೂ ಗೆದ್ದು ಗೆದ್ದು ನನ್ನ ತಲೆ ನಿಲ್ಲಲಿಲ್ಲ. ನೀರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡೆ. ಅದೇ ಹೊತ್ತಿಗೆ ಗಂಗಾವತಿಗೆ ವರ್ಗವಾಯಿತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಗಂಗಾವತಿಯ ದೊಡ್ಡ ಮೋರಿ ಊರಿನ ಹೊಲಸನ್ನೆಲ್ಲ ಹೊತ್ತು, ಜನ ಸ್ನಾನ ಮಾಡುವ ಜಾಗದಲ್ಲೇ ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ನಮ್ಮ ಮೇಲಿನ ಅಧಿಕಾರಿ ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಸಣ್ಣ ಆಳು, ದೊಡ್ಡ ಗಂಟಲು. ಕರವಸ್ತ್ರಕ್ಕೆ ಅತ್ತರು ಹಚ್ಚಿಕೊಂಡು ಬರುತ್ತಿದ್ದರು, ಆದರೆ ಮೋರಿಯ ಬಳಿ ಅದನ್ನು ಮೂಗಿಗೆ ಹಿಡಿಯುತ್ತಿರಲಿಲ್ಲ. ವಾಸನೆ ನೋಡುವುದೇ ನಮ್ಮ ಕೆಲಸ ಎನ್ನುತ್ತಿದ್ದರು. ಉರ್ದು ಬೆರೆತ ಅವರ ಕನ್ನಡ ಕೇಳಲು ನನಗೆ ಇಷ್ಟವಾಗುತ್ತಿತ್ತು.

"ದಾರೋಗಾ, ಈ ಮೋರಿ ಹೊಳೀಗೆ ಹೋಗಬಾರ್ದು. ಏನು ಮಾಡ್ತಿ ಮಾಡು" ಎಂದರು.

ನಾನು ಮಾಡಿದೆ. ಊರ ಕೆಳಗೆ ಹಳ್ಳ ಅಗಲವಾಗಿ, ಪಾತ್ರದ ತುಂಬ ದಪ್ಪ ಉಸುಕು ಬಿದ್ದಿತ್ತು. ನಮ್ಮ ಭಾಗದ ಕೂಸಿಗೂ ಗೊತ್ತು, ಬೇಸಿಗೆಯಲ್ಲಿ ಹಳ್ಳ ಬತ್ತಿದ ಮೇಲೆ ಉಸುಕಿನಲ್ಲಿ ಗುಂಡಿ ತೋಡಿದರೆ ತಿಳಿನೀರು ಜಿನುಗುತ್ತದೆ. ಅದಕ್ಕೆ ವರತಿ ಎನ್ನುತ್ತೇವೆ. ಹಳ್ಳದಲ್ಲಿ ಎಮ್ಮೆ ಬಿದ್ದು ಕದಡಿದ್ದರೂ ಪಕ್ಕದ ವರತಿಯಲ್ಲಿ ಕನ್ನಡಿಯಂಥ ನೀರು. ಉಸುಕು ಎಲ್ಲವನ್ನೂ ಸೋಸುತ್ತದೆ ಎಂಬ ನಂಬಿಕೆ ನನಗೆ ತಾಯಿಯ ಹಾಲಿನ ಜೊತೆಗೇ ಬಂದಿತ್ತು. ಮೋರಿಯನ್ನು ತಿರುಗಿಸಿ ಆ ಉಸುಕಿನ ತಗ್ಗಿಗೆ ಬಿಡಿಸಿದೆ. ಏನು ಚಂದ! ಅಷ್ಟು ಹೊಲಸೂ ಉಸುಕಿನೊಳಗೆ ಇಂಗಿ ಕಣ್ಮರೆಯಾಯಿತು. ಹಳ್ಳದ ವಾಸನೆ ಹೋಯಿತು. ಡಾಕ್ಟರ್ ಸಾಹೇಬರು ಬಂದು ನೋಡಿ, ಬೆನ್ನು ತಟ್ಟಿ, "ಶಾಬಾಸ್!" ಎಂದರು. ಮೇಲಿನವರಿಗೂ ಬರೆದು ಹಾಕಿದರು.

ಅಲ್ಲಿಂದ ಒಂದು ಕೂಗಳತೆ ಕೆಳಗೆ ಹಳ್ಳದ ದಂಡೆಗೆ ಸಣ್ಣ ಊರೊಂದಿತ್ತು, ಇಪ್ಪತ್ತು ಮೂವತ್ತು ಮನೆ. ಹೆಸರು ಬರೆಯುವುದಿಲ್ಲ, ಅವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಊರಿಗೆ ಒಂದೇ ಬಾವಿ, ಅದೂ ಸವಳು, ಉಪ್ಪುಪ್ಪು ನೀರು. ದನಕ್ಕೆ, ಬಟ್ಟೆಗೆ ಆ ನೀರು, ಕುಡಿಯಲು ವರತಿ. ಉಳಿದ ವರ್ಷಗಳಲ್ಲಿ ಬೇಸಿಗೆ ಏರಿದಂತೆ ಹೆಂಗಸರು ಎದೆಮಟ ತೋಡಬೇಕಾಗುತ್ತಿತ್ತು. ಆ ವರ್ಷ ಮೇಲುಗಡೆ, ನನ್ನ ಮೋರಿಯ ದಿಕ್ಕಿನಲ್ಲಿ, ಉಸುಕು ಹಸಿಯಾಗಿಯೇ ಇತ್ತು. ಮೊಳದಾಳಕ್ಕೇ ನೀರು. ಹೆಂಗಸರು ವರತಿಗಳನ್ನು ಮೇಲಕ್ಕೆ ಸರಿಸಿದರು.

ನಾನು ಸೈಕಲ್ಲಿನಲ್ಲಿ ಹೋದಾಗ ಒಬ್ಬ ಹೆಣ್ಣುಮಗಳು ಪರಟಿಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ನೀರು ತೋಡಿ ಕೊಡ ತುಂಬುತ್ತಿದ್ದಳು. ಸೊಂಟದ ಮೇಲೆ ವರ್ಷ ತುಂಬದ ಕೂಸು. ಹೆಸರು ದ್ಯಾಮವ್ವ.

"ಈ ಸಲ ಬ್ಯಾಸಗ್ಯಾಗೂ ವರತಿ ಬತ್ತಿಲ್ರೀ ಸಾಹೇಬ್ರ. ನಿಮ್ಮ ಕಾಲ್ಗುಣ ಛಲೋ ಐತಿ ನೋಡ್ರಿ" ಎಂದು ನಕ್ಕಳು.

ನಾನು ಬೊಗಸೆಯೊಡ್ಡಿದೆ, ಅವಳು ಸುರಿದಳು. ಗಟಗಟ ಕುಡಿದೆ. ತಣ್ಣಗೆ, ಸಿಹಿಯಾಗಿ ಇತ್ತು. ನೋಡಿದಿರಾ, ನನ್ನ ನೇಮ! ದಾರೋಗಾ ಸಾಹೇಬರೇ ಕುಡಿದ ನೀರು ಎಂದು ಆ ಮೇಲೆ ಊರಿಗೆ ಊರೇ ಅದನ್ನೇ ಕುಡಿಯಿತು. ನೀರಿನ ಬುಡ ಎಲ್ಲಿದೆ ಎಂದು ನಾನು ಒಮ್ಮೆಯಾದರೂ ಮೇಲಕ್ಕೆ ತಿರುಗಿ ನೋಡಲಿಲ್ಲ.

ಹದಿನೈದು ದಿನದೊಳಗೆ ಆ ಊರಿನಲ್ಲಿ ವಾಂತಿಭೇದಿ ಎದ್ದಿತು. ನಾನು ಡಬ್ಬಿ ತಗೊಂಡು ಓಡಿದೆ. ಬಾವಿಗೆ ಔಷಧ ಹಾಕಿದೆ, ಮನೆ ಮನೆಗೆ ಸುಣ್ಣ ಬಳಿಸಿದೆ, ಹುಲಿಗಿಯಿಂದ ಬಂದ ಯಾತ್ರಿಕರೇ ರೋಗ ತಂದಿದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ. ವರತಿಯನ್ನು ಮುಟ್ಟಲಿಲ್ಲ, ಅದು ಸೋಸಿದ ನೀರಲ್ಲವೇ! ನಾಲ್ಕು ಹೆಣ ಬಿದ್ದವು. ಅದರಲ್ಲಿ ದ್ಯಾಮವ್ವ ಒಬ್ಬಳು.

ದ್ಯಾಮವ್ವನ ಅತ್ತೆ ಹುಲಿಗೆವ್ವ. ಮೊಣಕಾಲು ಹಿಡಿದುಕೊಂಡು ಹಳ್ಳಕ್ಕೆ ಇಳಿಯಲಾಗದ ಮುದುಕಿ. ಸೊಸೆಯ ಮಣ್ಣು ಮುಗಿದ ಮೂರನೆಯ ದಿನ ನಾನು ಹೋದಾಗ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಅಳಲಿಲ್ಲ. ನನಗೆ ಕೂಡ್ರಿ ಎಂದೂ ಅನ್ನಲಿಲ್ಲ.

"ಸಾಹೇಬ್ರ, ಒಂದ ಮಾತ ಕೇಳ್ತೀನಿ. ನಾ ಮುದುಕಿ ಅದೀನಿ, ಸಾಯಬೇಕಾದಾಕಿ ನಾ. ಅಕಿ ಯಾಕ ಹೋದ್ಳು?"

"ರೋಗ ವಯಸ್ಸ ನೋಡಂಗಿಲ್ಲಬೇ ಯವ್ವಾ."

"ಹಂಗಲ್ರೀ. ಒಂದ ಮನಿ, ಒಂದ ಒಲಿ, ಒಂದ ರೊಟ್ಟಿ. ನೀರಷ್ಟ ಬ್ಯಾರೆ. ನಾ ಸವಳ ಬಾವಿ ನೀರ ಕುಡೀತೀನಿ, ನನಗ ಸಣ್ಣಾಕಿದ್ದಾಗಿಂದ ಅದ ರೂಢಿ. ಅಕಿ ವರತಿ ನೀರ ಕುಡದ್ಳು. ಸತ್ತ ನಾಲ್ಕೂ ಮಂದಿ ವರತಿ ನೀರ ಕುಡದೋರ ಅದಾರ. ನೀವ ವಿಚಾರ ಮಾಡ್ರಿ, ನೀವು ಶಾಣ್ಯಾರ ಅದೀರಿ."

ಶಾಣ್ಯಾ ಎಂಬ ಮಾತು ಕಪಾಳಕ್ಕೆ ಹೊಡೆದಂತಾಯಿತು. ಉಸುಕು ಸೋಸುತ್ತದೆ ಯವ್ವಾ, ಅಲ್ಲಿಂದ ಏನೂ ಬರುವುದಿಲ್ಲ ಎಂದು ಹೇಳಿದೆ. ಹೇಳುವಾಗಲೇ ನನ್ನ ಕಣ್ಣು ಹಳ್ಳದ ಮೇಲುಗಡೆಗೆ ಹೋಯಿತು. ಮೋರಿ ಬೀಳುವ ತಗ್ಗಿನಿಂದ ವರತಿಯವರೆಗೆ ಉಸುಕಿನ ಬಣ್ಣ ಕಪ್ಪಗೆ, ಹಸಿಯಾಗಿ, ಒಂದೇ ಪಟ್ಟೆಯಾಗಿ ಕಂಡಿತು. ಬೇಸಿಗೆಯಲ್ಲಿ ಹಳ್ಳಕ್ಕೆ ಬೇರೆಲ್ಲಿಂದ ನೀರು ಬರಬೇಕು?

ಅಂದೇ ವರತಿಗಳನ್ನೆಲ್ಲ ಮುಚ್ಚಿಸಿದೆ, ಮೋರಿಯ ಬಾಯಿಗೆ ಬ್ಲೀಚಿಂಗ್ ಪೌಡರು ಸುರಿಸಿದೆ. ಆದರೆ ಮುಚ್ಚಿದರೆ ಮುಗಿಯಿತೇ? ಸವಳು ನೀರು ಎಲ್ಲರಿಗೂ ಇಳಿಯುವುದಿಲ್ಲ, ನಾಲ್ಕು ದಿನ ಬಿಟ್ಟು ಜನ ಮತ್ತೆ ತೋಡುತ್ತಾರೆ. ಮೋರಿಯನ್ನೇ ಅಲ್ಲಿಂದ ತೆಗೆಸಬೇಕು. ತೆಗೆಸಲು ಸಾಹೇಬರಿಗೆ ಪುರಾವೆ ಬೇಕು. ನೀರನ್ನು ಬಾಟಲಿಯಲ್ಲಿ ತುಂಬಿ ಹೈದರಾಬಾದಿಗೆ ಕಳಿಸಿದರೆ ವಾರಗಟ್ಟಲೆ ಉತ್ತರವಿಲ್ಲ. ಹಿಂದೊಮ್ಮೆ ಕಳಿಸಿದ್ದು ದಾರಿಯಲ್ಲೇ ಕೆಟ್ಟಿದೆ ಎಂದು ತಿರುಗಿ ಬಂದಿತ್ತು. ಮೋರಿಯ ನೀರು ವರತಿಗೆ ಬರುತ್ತದೋ ಇಲ್ಲವೋ, ಅದನ್ನು ನಾನೇ ತಿಳಿಯಬೇಕಾಗಿತ್ತು.

ಉಸುಕು ಕೆಸರನ್ನು ಹಿಡಿಯುತ್ತದೆ, ಬಣ್ಣವನ್ನೂ ಹಿಡಿಯುತ್ತದೆ. ಉಪ್ಪನ್ನು ಹಿಡಿಯುವುದಿಲ್ಲ. ಮೋರಿಗೆ ಒಂದು ಬಂಡಿ ಉಪ್ಪು ಸುರಿದರೆ, ಅದು ವರತಿಗೆ ಬರುತ್ತದೆಯೋ ನೋಡಬಹುದು. ರುಚಿ ನೋಡುವವರು ಯಾರು? ಹುಟ್ಟಿದಾಗಿನಿಂದ ಸವಳು ಯಾವುದು, ಸಿಹಿ ಯಾವುದು ಎಂದು ನಾಲಿಗೆಯಿಂದಲೇ ಅಳೆಯುವವರು ಆ ಊರಿನ ಹೆಂಗಸರು. ನನ್ನ ನಾಲಿಗೆ ಎಲೆ ಅಡಿಕೆ ತಿಂದು ದಪ್ಪವಾಗಿತ್ತು.

ಉಪ್ಪಿಗೆಂದು ಶರಣಪ್ಪ ಶೆಟ್ಟರ ಅಂಗಡಿಗೆ ಹೋದೆ. ಯಾಕೆ ಎಂದು ಕೇಳಿದರು, ಹೇಳಿದೆ. ಶೆಟ್ಟರು ಗದ್ದಿಗೆಯಿಂದ ಎದ್ದೇ ಬಿಟ್ಟರು.

"ಏನಂದ್ರಿ? ಉಪ್ಪ ಮೋರ್ಯಾಗ ಸುರೀತೀರಿ? ಬಿಡ್ರಿ ಬಿಡ್ರಿ, ಉಪ್ಪಂದ್ರ ಲಕ್ಷ್ಮಿ ಐತಿ. ಒಂದ ಹರಳ ಕೆಳಗ ಬಿದ್ರ ನಮ್ಮವ್ವ ಕಣ್ಣಿಗೆ ಒತ್ಕೊಂಡು ಎತ್ತತಿದ್ಲು. ಈ ಕೆಲಸಕ್ಕ ನಾ ಕೊಡಂಗಿಲ್ರೀ."

ಗಂಗಾವತಿಯ ಉಳಿದ ಅಂಗಡಿಯವರೂ ಅದೇ ಹಾಡು. ದಾರೋಗಾನ ತಲೆ ಕೆಟ್ಟಿದೆ ಎಂದು ಸಂತೆಯಲ್ಲಿ ಸುದ್ದಿಯಾಯಿತು. ಮರುದಿನ ಮತ್ತೆ ಶೆಟ್ಟರ ಮುಂದೆ ಕುಳಿತೆ. ದ್ಯಾಮವ್ವನ ಮಾತು, ಅವಳು ಸುರಿದ ನೀರು, ಉಳಿದ ಕೂಸು, ಎಲ್ಲ ಹೇಳಿದೆ. ಶೆಟ್ಟರು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದರು.

"ಹಂಗಾದ್ರ ಇದು ಚೆಲ್ಲೂದಲ್ಲ ಬಿಡ್ರಿ" ಎಂದರು. "ಬಂಡಿ ಕಟ್ಟಸ್ತೀನಿ. ಆದ್ರ ಸುರಿಯೂ ಮುಂದ ನಾ ಆ ಕಡಿ ಮಾರಿ ಮಾಡಿ ನಿಲ್ಲಾಂವ."

ಹಾಗೆಯೇ ಮಾಡಿದರು. ಮೊದಲ ಹಿಡಿ ಉಪ್ಪನ್ನು ಕಣ್ಣಿಗೊತ್ತಿಕೊಂಡು, "ತಪ್ಪಾತವ್ವಾ" ಎಂದು ಅದಕ್ಕೆ ಕೈಮುಗಿದು, ತಿರುಗಿ ನಿಂತರು. ನಾನೂ ನನ್ನ ಸಫಾಯಿಯ ಆಳುಗಳೂ ಚೀಲ ಚೀಲ ಸುರಿದೆವು.

ಕೆಳಗೆ ಒಂದೇ ಒಂದು ವರತಿ ತೋಡಿಸಿ, ಮುಳ್ಳು ಹಾಕಿ ಕಾವಲು ಇಡಿಸಿದೆ. ದಿನಾ ಮುಂಜಾನೆ ಅದರ ನೀರನ್ನು ಕುದಿಸಿ, ಆರಿಸಿ, ಹಿತ್ತಾಳೆ ಬಟ್ಟಲಿನಲ್ಲಿ ಹುಲಿಗೆವ್ವನ ಮುಂದೆ ಇಡುತ್ತಿದ್ದೆ. ಕುದಿಸಿದರೆ ರೋಗ ಸಾಯುತ್ತದೆ, ಉಪ್ಪು ಉಳಿಯುತ್ತದೆ. ಹುಲಿಗೆವ್ವ ಒಂದು ಗುಟುಕು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಗುಳಿ, "ಸಪ್ಪಗ ಐತಿ" ಎನ್ನುತ್ತಿದ್ದಳು. ಒಂದು ದಿನ ಸಪ್ಪಗೆ. ಎರಡು ದಿನ ಸಪ್ಪಗೆ. ಐದು ದಿನ ಸಪ್ಪಗೆ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಿಗ್ಗು. ಉಸುಕು ನನ್ನ ಮಾನ ಉಳಿಸಿತು, ನಾನು ಕೊಂದಿಲ್ಲ ಎಂದುಕೊಂಡೆ.

ಆರನೆಯ ದಿನ ಗುಟುಕು ತೆಗೆದುಕೊಂಡು ಉಗುಳಿದಳು. ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ನೀವ ನೋಡ್ರಿ."

ನನ್ನ ದಪ್ಪ ನಾಲಿಗೆಗೂ ಗೊತ್ತಾಯಿತು. ಉಪ್ಪು ಬಂದಿತ್ತು. ನಾನು ಅಲ್ಲೇ ಜಗಲಿಯ ಕೆಳಗೆ ನೆಲಕ್ಕೆ ಕುಳಿತೆ. ಮೋರಿ ಬಿಡಿಸಿದವನು ನಾನು, ಈ ನೀರು ಒಳ್ಳೆಯದೆಂದು ಎಲ್ಲರೆದುರು ಕುಡಿದವನೂ ನಾನು, ನಿನ್ನ ಸೊಸೆ ನನ್ನ ಕೆಲಸದಿಂದ ಸತ್ತಳು ಯವ್ವಾ ಎಂದು ಬಾಯಿಬಿಟ್ಟು ಹೇಳಿದೆ. ಅದುವರೆಗೆ ರೀ ಹಚ್ಚಿ ಮಾತಾಡುತ್ತಿದ್ದ ಮುದುಕಿ ಏಕವಚನಕ್ಕೆ ಇಳಿದಳು.

"ಎದ್ದ ಹೋಗು. ನಿನ್ನ ಮಾರಿ ತೋರಸಬ್ಯಾಡ. ಆ ಮೋರಿ ತೆಗಿ, ಆಮ್ಯಾಲ ಬಾ. ಈ ಕೂಸಿಗೆ ನಾ ಎಲ್ಲಿ ನೀರ ಕುಡಸ್ಲಿ?"

ಕಚೇರಿಯ ಗುಮಾಸ್ತರು ಬುದ್ಧಿ ಹೇಳಿದರು. "ಯಾತ್ರಿಕರ ಮ್ಯಾಲ ಬರದ ಬಿಡ್ರಿ. ಸಾಹೇಬ್ರು ಶಾಬಾಸ್ ಅಂದು ಮ್ಯಾಲ ಬರದಾರ. ಈಗ ತಪ್ಪ ಅಂದ್ರ ಅವ್ರ ಮಾರಿಗೂ ಮಸಿ, ನಿಮ್ಮ ನೌಕರಿಗೂ ಕುತ್ತು." ನನಗೂ ಹೆಂಡತಿ ಮಕ್ಕಳಿದ್ದರು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಬರೆದೆ, ಉಪ್ಪಿನ ಸಮೇತ. ಬರೆದದ್ದನ್ನು ತಪಾಲಿಗೆ ಹಾಕದೆ ಕೈಯಲ್ಲೇ ಹಿಡಿದು ಡಾಕ್ಟರ್ ಸಾಹೇಬರ ಮುಂದೆ ನಿಂತೆ.

ಅವರು ಎರಡು ಸಲ ಓದಿದರು. ಮೊದಲ ಸಲ ಮುಗಿದಾಗ "ಬೇವಕೂಫ್" ಎಂದರು. ನನಗೆ ಅಂದರೋ ತಮಗೇ ಅಂದುಕೊಂಡರೋ ಇಂದಿಗೂ ಗೊತ್ತಿಲ್ಲ. ಎರಡನೆಯ ಸಲ ಮುಗಿದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ದಾರೋಗಾ, ಗಲತಿ ಮಾಡಿದೋರನ್ನ ನಾ ಭಾಳ ಮಂದೀನ ನೋಡೀನಿ. ತಾನ ಬರದು ತಂದು ಕೊಟ್ಟಾಂವ ನೀ ಒಬ್ಬನ. ಶಾಬಾಸ್ ಅಂದಾಂವ ನಾನು. ನನ್ನ ಹೆಸರೂ ಇದರಾಗ ಹಾಕು."

ಹಾಕಿದೆ. ಅವರೇ ಕೆಳಗೆ ಸಹಿ ಮಾಡಿದರು. ಆಮೇಲೆ ಅವರಿಗೆ ಏನೇನು ಕಷ್ಟ ಬಂತೋ ನನಗೆ ಹೇಳಲಿಲ್ಲ. ನನಗೆ ಹೇಳಿದ್ದು ಇಷ್ಟೇ, ಹೊಸ ಮೋರಿಗೆ ಮಂಜೂರಾತಿ ಬಂದಿದೆ.

ಆ ಹೊಸ ಮೋರಿಯ ಬಗ್ಗೆ ಜಂಬ ಕೊಚ್ಚಿಕೊಳ್ಳಲು ನನಗೆ ಅಪ್ಪಣೆ ಬೇಕಿಲ್ಲ. ಕಲ್ಲಿನ ಕಾಲುವೆ ಕಟ್ಟಿ ಹೊಲಸನ್ನು ಹಳ್ಳದಿಂದ ದೂರ, ಊರಾಚೆಯ ಎರೆ ಭೂಮಿಗೆ ಒಯ್ದೆವು. ಅಲ್ಲಿ ಎರಡು ದೊಡ್ಡ ಹೊಂಡ. ಮೊದಲನೆಯದರಲ್ಲಿ ಗಸಿ ಕೂಡಬೇಕು, ಎರಡನೆಯದರಲ್ಲಿ ಮತ್ತಷ್ಟು ತಿಳಿಯಾಗಬೇಕು, ಆಮೇಲೆ ಆ ನೀರು ದನದ ಹುಲ್ಲಿನ ಮಡಿಗಳಿಗೆ. ಹಸಿಯಾಗಿ ತಿನ್ನುವ ಕಾಯಿಪಲ್ಲೆ ಅಲ್ಲಿ ಬೆಳೆಯಕೂಡದೆಂದು ನಾನೇ ಬೋರ್ಡು ಬರೆಸಿದೆ. ಎರೆ ಮಣ್ಣು ನೀರನ್ನು ಕೆಳಗೆ ಬಿಡದೆ ಒಮ್ಮೆ ಮಡಿಯೆಲ್ಲ ಕೆಸರಾಗಿ, ಸಾಹೇಬರು ಮೊಣಕಾಲವರೆಗೆ ಹೂತು, ಅವರನ್ನು ಎಳೆಯಲು ನಾಲ್ಕು ಜನ ಬೇಕಾಯಿತು. ಬೂಟು ಅಲ್ಲೇ ಉಳಿಯಿತು. ಒಂದು ಮಡಿಗೆ ನೀರು ಬಿಟ್ಟರೆ ಉಳಿದವು ಒಣಗಲಿ ಎಂದು ಪಾಳಿ ಹಾಕಿದ್ದು ನಮ್ಮ ಸಫಾಯಿ ಆಳುಗಳೇ, ನಾನಲ್ಲ. ಅವರು ಓದಿರಲಿಲ್ಲ, ಹೊಲಸು ಹೇಗೆ ಹರಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಮರುವರ್ಷ ಬೇಸಿಗೆ ಬಂತು. ಮೇಲುಗಡೆಯ ಉಸುಕು ಒಣಗಿ ಬೆಳ್ಳಗಾಯಿತು. ಹೆಂಗಸರು ಹಳೆಯ ಜಾಗದಲ್ಲಿ ಎದೆಮಟ ತೋಡಿ ನನ್ನನ್ನು ಬೈದರು, ಬೈಯಲಿ. ನಾನು ಮತ್ತೆ ಶೆಟ್ಟರ ಅಂಗಡಿಗೆ ಹೋದೆ.

"ಮತ್ತ ಒಂದ ಬಂಡೀನಾ?" ಎಂದರು. ಈ ಸಲ ತಾವೇ ಬಂಡಿಯ ಮೇಲೆ ಕುಳಿತು ಬಂದರು. ಮಾರಿ ತಿರುವಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

ಹೊಸ ಹೊಂಡಗಳಿಗೂ ಮಡಿಗಳಿಗೂ ಉಪ್ಪು ಸುರಿದು, ವರತಿಯ ನೀರನ್ನು ಕುದಿಸಿ, ಬಟ್ಟಲು ಹಿಡಿದು ಹುಲಿಗೆವ್ವನ ಜಗಲಿಗೆ ಹೋದೆ. ಒಂದು ವರ್ಷದಿಂದ ಅವಳು ನನ್ನ ಮುಖ ನೋಡಿರಲಿಲ್ಲ. ಮೋರಿ ತೆಗೆದೆ ಯವ್ವಾ ಎಂದೆ. ಅವಳು ಕೈ ಚಾಚಿ ಬಟ್ಟಲು ತೆಗೆದುಕೊಂಡಳು. ಕೂಸು ಈಗ ನಡೆಯುತ್ತಿತ್ತು. ಅದಕ್ಕೆ ವರ್ಷವಿಡೀ ಸವಳು ಬಾವಿಯ ನೀರನ್ನೇ ಕುದಿಸಿ ಕುಡಿಸುತ್ತಿದ್ದಳು. ಕೂಸು ಪ್ರತಿಸಲವೂ ಮುಖ ಸಿಂಡರಿಸಿ ಉಗುಳುತ್ತಿತ್ತು. ವರತಿಯ ಒಂದು ಹನಿಯನ್ನೂ ಅದರ ತುಟಿಗೆ ಸೋಕಗೊಟ್ಟಿರಲಿಲ್ಲ.

ಆರು ದಿನವಾಯಿತು. ಈ ಸಲ ನನಗೆ ಹಿಗ್ಗು ಬರಲಿಲ್ಲ. ಹತ್ತು ದಿನ, ಹದಿನೈದು, ಇಪ್ಪತ್ತು. ದಿನಾ ಸೈಕಲ್ಲು, ದಿನಾ ಬಟ್ಟಲು, ದಿನಾ "ಸಪ್ಪಗ ಐತಿ". ಸಾಕಲ್ಲವೇ ಎಂದರೆ ಅವಳು ತಲೆಯಾಡಿಸಿ, "ನಾಳಿ ಬಾ" ಎನ್ನುತ್ತಿದ್ದಳು. ನಾನೂ ನಾಳೆ ಹೋಗುತ್ತಿದ್ದೆ.

ತಿಂಗಳು ತುಂಬಿದ ದಿನ ಕುದಿಸಿದ ನೀರನ್ನು ಅವಳು ಮುಟ್ಟಲಿಲ್ಲ. ನನಗೆ ಕೊಡ ಕೊಟ್ಟು ಹಳ್ಳಕ್ಕೆ ಕಳಿಸಿದಳು. ದಾರೋಗಾ ಸಾಹೇಬ ವರತಿಗೆ ಇಳಿದು, ಹಳೆಯ ನೀರು ಚೆಲ್ಲಿ, ಹೊಸದು ಜಿನುಗುವವರೆಗೆ ಕಾದು, ಪರಟಿಯಲ್ಲಿ ತುಂಬಿಕೊಂಡು ಹೆಗಲ ಮೇಲೆ ಹೊತ್ತು ತಂದ. ಊರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಬೊಗಸೆ ಹಿಡಿದು ಮೊದಲು ನಾನೇ ಕುಡಿಯಲು ಹೋದೆ, ನನ್ನ ನೇಮವಲ್ಲವೇ. ಹುಲಿಗೆವ್ವ ನನ್ನ ಕೈ ತಡೆದಳು.

"ನೀ ಕುಡದದ್ದ ನೋಡಿ ಒಮ್ಮಿ ನಂಬೀವಿ. ಸಾಕು."

ತಾನೇ ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದಳು. ಆ ದಿನ ಉಗುಳಲಿಲ್ಲ, ನುಂಗಿದಳು.

"ಸಪ್ಪಗ ಐತಿ ತಮ್ಮಾ" ಎಂದಳು.

ಆಮೇಲೆ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು ಬಟ್ಟಲನ್ನು ಅದರ ಬಾಯಿಗೆ ಹಿಡಿದಳು. ಕೂಸು ರೂಢಿಯಂತೆ ಮೊದಲು ಮುಖ ಸಿಂಡರಿಸಿತು. ಒಂದು ಗುಟುಕು ಒಳಗೆ ಹೋದ ಮೇಲೆ ಎರಡೂ ಕೈಯಿಂದ ಬಟ್ಟಲು ಹಿಡಿದು ತಳದವರೆಗೆ ಕುಡಿದು, ಅದನ್ನು ನನ್ನ ಕಡೆಗೇ ಚಾಚಿತು. ನಾನು ಕೊಡ ಬಗ್ಗಿಸಿ ಮತ್ತೆ ತುಂಬಿದೆ.